ಕಡ ತಂದ ತವರು

ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಹೆಸರು ಸಖೂಬಾಯಿ ಅಲ್ಲ. ಆಧಾರ್ ಕಾರ್ಡು, ರೇಷನ್ ಕಾರ್ಡು, ಮತದಾರರ ಪಟ್ಟಿ, ನಮ್ಮಣ್ಣನ ಸೈನ್ಯದ ದಾಖಲೆ, ಎಲ್ಲ ಕಡೆ ಸಖೂಬಾಯಿ ಎಂದೇ ಇದೆ. ಹುಟ್ಟಿದ ಊರು ಬಬಲೇಶ್ವರ, ತಂದೆ ಸಂಗಣ್ಣ, ತಾಯಿ ಚಂದ್ರಾಬಾಯಿ, ಓದು ನಾಲ್ಕನೆಯ ಇಯತ್ತೆ. ಇದರಲ್ಲಿ ಒಂದೂ ನಿಜವಲ್ಲ. ಆಕೆಯ ಹೆಸರು ಯೋಗರಾಣಿ. ಹುಟ್ಟಿದ್ದು ಶ್ರೀಲಂಕಾದಲ್ಲಿ, ವವುನಿಯಾ ಹತ್ತಿರದ ಒಂದು ಹಳ್ಳಿಯಲ್ಲಿ. ಓದಿದ್ದು ಅಲ್ಲಿಯ ಎ ಲೆವೆಲ್, ಅಂದರೆ ನಮ್ಮ ಪಿಯುಸಿಗೆ ಸಮ, ಅದೂ ಗಣಿತ ತೆಗೆದುಕೊಂಡು. ಈ ಸಂಗತಿ ಗೊತ್ತಿದ್ದವರು ಎಂಟು ಮಂದಿ. ಅವರಲ್ಲಿ ಮೂವರು ಸತ್ತಿದ್ದಾರೆ.

ನಮ್ಮಣ್ಣ ಭಾಗಪ್ಪ ಸಿಪಾಯಿಯಾಗಿದ್ದ. ೧೯೮೮ರಲ್ಲಿ ಶಾಂತಿಪಡೆಯ ಜೊತೆ ಆ ದೇಶಕ್ಕೆ ಹೋದ. ಅವರ ತುಕಡಿ ವೈನಿಯ ಊರಿನ ಶಾಲೆಯಲ್ಲಿ ಬೀಡುಬಿಟ್ಟಿತ್ತು. ಒಂದು ದಿನ ರಸ್ತೆಯ ಮೇಲೆ ಗುಂಡು ಹಾರಿ ವೈನಿಯ ತಂದೆ ಬಿದ್ದರು. ಅಣ್ಣ ಅವರನ್ನು ಹೆಗಲ ಮೇಲೆ ಹೊತ್ತು ಸೈನ್ಯದ ಡಾಕ್ಟರರ ಹತ್ತಿರ ಒಯ್ದ. ಅವರು ಬದುಕಲಿಲ್ಲ. ಗುಂಡು ಯಾರದೆಂದು ಅಣ್ಣ ಹೇಳಲಿಲ್ಲ, ವೈನಿ ಕೇಳಲಿಲ್ಲ. ಎಂಟು ತಿಂಗಳಾದ ಮೇಲೆ ಊರ ಹೊರಗಿನ ಗಣಪತಿ ಗುಡಿಯಲ್ಲಿ ನಾಲ್ಕು ಜನರ ಎದುರು ಇಬ್ಬರೂ ಮದುವೆಯಾದರು. ಬೇರೆ ದೇಶದ ಹೆಣ್ಣನ್ನು ಮದುವೆಯಾಗಬೇಕಾದರೆ ಸಿಪಾಯಿ ಮೇಲಿನವರ ಪರವಾನಗಿ ಪಡೆಯಬೇಕು. ಅಣ್ಣ ಪಡೆಯಲಿಲ್ಲ. ಕೇಳಿದ್ದರೆ ಕೊಡುತ್ತಲೂ ಇರಲಿಲ್ಲ.

೧೯೯೦ರ ಮಾರ್ಚಿನಲ್ಲಿ ಪಡೆ ವಾಪಸು ಬಂತು. ಇಂಡಿಯಾದ ಸಿಪಾಯಿಯನ್ನು ಮದುವೆಯಾದವಳು ಅಲ್ಲಿ ಉಳಿದರೆ ಗತಿ ಏನೆಂದು ಊರಿಗೆಲ್ಲ ಗೊತ್ತಿತ್ತು. ಆಕೆಯ ತಾಯಿ ಆಕೆಯನ್ನು ದೋಣಿ ಹತ್ತಿಸಿದಳು. ರಾಮೇಶ್ವರದ ಹತ್ತಿರದ ನಿರಾಶ್ರಿತರ ಶಿಬಿರದಿಂದ ಆಕೆ ಅಣ್ಣನಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಳು. ಅಣ್ಣ ರಜೆ ಹಾಕಿ ಹೋಗಿ, ಶಿಬಿರದಲ್ಲಿ ಯಾರಿಗೂ ಹೇಳದೆ, ಆಕೆಯನ್ನು ಕರೆದುಕೊಂಡು ತಿಕೋಟಾಕ್ಕೆ ಬಂದ.

ಅವರು ಬಸ್ಸಿಳಿದು ಬಂದ ದಿನ ನಾನು ಮನೆಯಲ್ಲೇ ಇದ್ದೆ. ನಾನು ಭಾಗಪ್ಪನ ತಂಗಿ ನೀಲಾ, ಆಗ ನನಗೆ ಹತ್ತೊಂಬತ್ತು ವರ್ಷ. ನಮ್ಮವ್ವ ಪರಸವ್ವ ರೊಟ್ಟಿ ತುಂಡು ನಿವಾಳಿಸಿ ಎಸೆದು, ಕಾಲಿಗೆ ನೀರು ಹಾಕಿ, ಒಳಗೆ ಬಾ ಎಂದಳು. ವೈನಿ ಒಂದು ಕಾಲು ಒಳಗಿಟ್ಟು, ಎದುರಿನ ಗೋಡೆ ನೋಡಿ, ಕಾಲು ಹಿಂದಕ್ಕೆ ತೆಗೆದಳು. ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಗೋಡೆಯ ಮೇಲೆ ಎರಡು ಫೋಟೋ ಇದ್ದವು: ಒಂದು ಬಾಬಾಸಾಹೇಬರದು, ಒಂದು ಬುದ್ಧನದು.

"ಏನಂತ ಲೇ ಆಕೀದು? ಹೊಸ್ತಿಲದಾಗ ಹಾವು ಕಂಡ್ಳೇನು?" ಎಂದು ಅವ್ವ ಅಣ್ಣನನ್ನು ಕೇಳಿದಳು.

"ಬುದ್ಧನ್ನ ನೋಡಿ ಅಂಜ್ಯಾಳ ಅವ್ವಾ. ಅವರ ಊರಿಗೆ ಬೆಂಕಿ ಹಚ್ಚಿದ ಸಿಂಹಳರ ಮಿಲಿಟರಿ ಮಂದಿ ಜೀಪಿಗೆ ಇದ ಚಿತ್ರ ಇತ್ತಂತ. ನಾವೂ ಅವರ ಪೈಕೀನ ಅಂತ ತಿಳಕೊಂಡಾಳ."

"ಬುದ್ಧ ಏನ್ ಅವರಪ್ಪನ ಹೊಲದಾಗ ಬೆಳದಾನೇನು? ಹೇಳು ಆಕಿಗೆ, ಈ ಬುದ್ಧನ ಕೈಯಾಗ ಬಂದೂಕಿಲ್ಲ. ಬಾಜೂಕ ಕೋಟು ಹಾಕ್ಕೊಂಡು ನಿಂತಾನಲ್ಲ, ಅಂವ ಕೆರಿ ನೀರಿಗಾಗಿ ಬಡದಾಡಿದಾಂವ. ಇವರಿಬ್ಬರನ್ನ ಬಿಟ್ರ ನಮಗ ಯಾರೂ ಇಲ್ಲ. ಬರ್ತಿದ್ರ ಬಾ ಅನ್ನು, ರೊಟ್ಟಿ ಆರಾಕತ್ತಾವ."

ಅಣ್ಣ ತನಗೆ ಬರುತ್ತಿದ್ದ ಅರೆಬರೆ ತಮಿಳಿನಲ್ಲಿ ಸಂಜೆಯವರೆಗೆ ಹೇಳಿದ. ದೀಪ ಹಚ್ಚುವ ಹೊತ್ತಿಗೆ ಆಕೆ ಒಳಗೆ ಬಂದಳು. ಆದರೆ ಎರಡು ವರ್ಷ ಆ ಗೋಡೆಗೆ ಬೆನ್ನು ಮಾಡಿಯೇ ಉಣ್ಣುತ್ತಿದ್ದಳು.

ಯಾರ ಪೈಕಿ, ಯಾವ ಊರು ಎಂದು ಓಣಿಯ ಹೆಂಗಸರು ಕೇಳತೊಡಗಿದರು. ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತಾಗ ಅವ್ವನ ಬಾಯಿಂದ ಬಂದುಬಿಟ್ಟಿತು: "ನಮ್ಮಣ್ಣನ ಮಗಳು, ಬಬಲೇಶ್ವರದಾಕಿ. ಮದ್ರಾಸಿನ್ಯಾಗ ಚಿಗವ್ವನ ಮನ್ಯಾಗ ಬೆಳದಾಳ, ಅದಕ್ಕ ಮಾತು ತೊದಲ್ತಾಳ." ಸೋದರಮಾವನ ಮಗಳನ್ನು ತಂದರೆ ನಮ್ಮ ಕಡೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಅದಕ್ಕಿಂತ ಸಾಮಾನ್ಯವಾದ ಮದುವೆ ಇನ್ನೊಂದಿಲ್ಲ. ಹೆಂಗಸರು ಕೊಡ ಹೊತ್ತು ಹೋದರು.

ಮರುವರ್ಷ ಮೇ ತಿಂಗಳಲ್ಲಿ ಶ್ರೀಪೆರಂಬುದೂರಿನಲ್ಲಿ ಮಾಜಿ ಪ್ರಧಾನಿಯನ್ನು ಕೊಂದ ಸುದ್ದಿ ಬಂತು. ಊರೂರಲ್ಲಿ ಪೊಲೀಸರು ಸಿಲೋನಿನ ತಮಿಳರನ್ನು ಹುಡುಕತೊಡಗಿದರು. ಆಗ ನಳದ ಮಾತಿಗೆ ಕಾಗದ ಬೇಕಾಯಿತು. ಅವ್ವ ಬಬಲೇಶ್ವರಕ್ಕೆ ಹೋಗಿ ತನ್ನ ಅಣ್ಣ ಸಂಗಣ್ಣನ ಮುಂದೆ ಕೂತಳು. ಅಣ್ಣ ತಂಗಿ ಇಬ್ಬರೇ ಮಾತಾಡಿದರು. ಹದಿನೈದು ದಿನಕ್ಕೆ ಮಾವ ಒಂದು ಶಾಲೆ ಬಿಟ್ಟ ದಾಖಲೆ ತಂದುಕೊಟ್ಟ. ಅದು ಸಖೂದು.

ಸಖೂ ಮಾವನ ಮಗಳು. ನನಗಿಂತ ಮೂರು ವರ್ಷ ದೊಡ್ಡವಳು. ೧೯೭೯ರ ನಾಗರ ಪಂಚಮಿಗೆ ಅವ್ವನ ಜೊತೆ ನಾನು ಮಾವನ ಮನೆಗೆ ಹೋಗಿದ್ದಾಗ ಅವಳಿಗೆ ಜ್ವರ ಬಂದು ತಲೆಗೆ ಏರಿತು. ಗಾಡಿ ಕಟ್ಟಿಕೊಂಡು ವಿಜಾಪುರಕ್ಕೆ ಹೊರಟರು. ಅವಳ ತಲೆ ತಾಯಿ ಚಂದ್ರಾಬಾಯಿ ಅತ್ತೆಯ ತೊಡೆಯ ಮೇಲಿತ್ತು. ಗಾಡಿಯ ಹಿಂದೆ ನಾನು ಕೂತಿದ್ದೆ. ಅರ್ಧ ದಾರಿಯಲ್ಲಿ ಅವಳು ನೀರು ಕೇಳಿದಳು. ನೀರು ತಂದಿರಲಿಲ್ಲ. ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ತಂಬಿಗೆ ಕೊಟ್ಟು, ಹೊಲದ ಬಾವಿಗೆ ನನ್ನನ್ನು ಓಡಿಸಿದರು. ನಾನು ತಿರುಗಿ ಬಂದಾಗ ಮುಗಿದಿತ್ತು. ಅತ್ತೆ ಆ ನೀರನ್ನು ಅವಳ ಬಾಯಿಗೆ ಹಾಕಿದಳು. ಅದು ಕಟಬಾಯಿಂದ ಹೊರಗೆ ಬಂತು.

ಆಗ ಮಾವನ ಮನೆ ಊರೊಳಗಿರಲಿಲ್ಲ, ಮಾಡುತ್ತಿದ್ದ ಹೊಲದಲ್ಲೇ ಗುಡಿಸಲಿತ್ತು. ಅಲ್ಲೇ ಮಣ್ಣು ಮಾಡಿದರು. ಸತ್ತದ್ದನ್ನು ಎಲ್ಲಿಯೂ ಬರೆಸಲಿಲ್ಲ. ಶಾಲೆಯ ಹಾಜರಿಯಲ್ಲಿ ಕೆಲವು ತಿಂಗಳು ಗೈರು ಎಂದು ಹಾಕಿ ಆಮೇಲೆ ಹೆಸರು ತೆಗೆದರು. ಆ ಕಾಲದಲ್ಲಿ ನಮ್ಮ ಓಣಿಯ ಹುಡುಗಿ ಶಾಲೆಗೆ ಬರದಿದ್ದರೆ ಬಿಟ್ಟಳೋ ಸತ್ತಳೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಅದೇ ನಮಗೆ ಉಪಯೋಗಕ್ಕೆ ಬಂತು.

ನಾನು ಆ ದಾಖಲೆ ನೋಡಿ, "ಸತ್ತಾಕಿ ಹೆಸರು ಕಿತ್ತು ಈ ಸಿಲೋನದಾಕಿಗೆ ಇಡ್ತೀರೇನು? ನಾಚಿಕಿ ಬರ್ತೈತೋ ಇಲ್ಲೋ?" ಎಂದೆ. ಅವ್ವ ಕೈಯಲ್ಲಿದ್ದ ಸೌಟಿನಿಂದ ಬೆನ್ನಿಗೆ ಒಂದು ಕೊಟ್ಟಳು. ನನ್ನದು ಅಲ್ಲಿಗೆ ಮುಗಿಯಿತು. ಚಂದ್ರಾಬಾಯಿ ಅತ್ತೆಯನ್ನು ಯಾರೂ ಕೇಳಲೇ ಇಲ್ಲ.

ಆ ವರ್ಷದ ಪಂಚಮಿಗೆ ಮಾವ ಉಂಡಿಯ ಗಂಟು ಹಿಡಿದು ತಿಕೋಟಾಕ್ಕೆ ಬಂದ, ಮಗಳನ್ನು ಕರೆದೊಯ್ಯಲು. ನಾವು ಬೌದ್ಧರಾದ ಮೇಲೆ ಹುತ್ತಕ್ಕೆ ಹಾಲೆರೆಯುವುದು ಬಿಟ್ಟಿದ್ದೆವು. ಉಂಡಿ ಕಟ್ಟುವುದನ್ನು, ಜೋಕಾಲಿ ಹಾಕುವುದನ್ನು, ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದನ್ನು ಬಿಡಲು ಆಗಿರಲಿಲ್ಲ. ಪಂಚಮಿಗೆ ಕರೆಯಲು ಯಾರೂ ಬರದ ಸೊಸೆಯನ್ನು ಓಣಿ ನೋಡುವ ರೀತಿಯೇ ಬೇರೆ. ಹಿಂದಿನ ವರ್ಷ ವೈನಿ ಅದನ್ನು ಅನುಭವಿಸಿದ್ದಳು. ಮಾವನ ಹಿಂದೆ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗುವಾಗ ಆಕೆ ಓಣಿಯ ನಟ್ಟನಡುವೆ ನಡೆದಳು.

ಬಬಲೇಶ್ವರದಲ್ಲಿ ಅತ್ತೆ ಮೊದಲ ದಿನವೇ ಕಟ್ಟಳೆ ಹಾಕಿದಳು. "ಹೊರಗಿನ ಮಂದಿ ಇದ್ದಾಗ ಅವ್ವ ಅನ್ನು. ಒಳಗ ಅತ್ತಿ ಅನ್ನು. ಅವ್ವ ಅನ್ನಾಕಿ ನನಗೊಬ್ಬಾಕಿ ಇದ್ಳು." ಅಂದಿನಿಂದ ಅತ್ತೆ ತಾಯಿ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಪ್ರತಿ ಪಂಚಮಿಗೆ ಐದು ತರಹದ ಉಂಡಿ ಕಟ್ಟಿದಳು. ತಿರುಗಿ ಕಳಿಸುವಾಗ ಉಡಿ ತುಂಬಿದಳು. ವೈನಿಗೆ ಮಗ ಕುನಾಲ ಹುಟ್ಟಿದಾಗ ಬಾಣಂತನ ಮಾಡಿದಳು, ನಲವತ್ತು ದಿನ ಬಿಸಿನೀರು ಹಾಕಿ, ಅಂಟಿನುಂಡಿ ತಿನ್ನಿಸಿ. ಹೆಸರು ಹಿಡಿದು ಮಾತ್ರ ಒಮ್ಮೆಯೂ ಕರೆಯಲಿಲ್ಲ. ಮಂದಿಯ ಎದುರು "ಏ ಬೇ" ಎನ್ನುತ್ತಿದ್ದಳು. ಒಳಗೆ "ಸಿಲೋನದಾಕಿ".

ವೈನಿ ನಾಲ್ಕನೆಯ ಇಯತ್ತೆಯವಳಾಗಿ ಬದುಕಿದಳು. ಅಂಚೆ ಕಚೇರಿಯಲ್ಲಿ ಫಾರ್ಮು ತುಂಬಲು ಇನ್ನೊಬ್ಬರ ಕೈ ಹಿಡಿಯುತ್ತಿದ್ದಳು. ಕುನಾಲನಿಗೆ ಬಾಗಿಲು ಹಾಕಿಕೊಂಡು ಗಣಿತ ಹೇಳಿಕೊಡುತ್ತಿದ್ದಳು. ಮಗ ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತೆಂಟು ತಂದಾಗ ಮಾಸ್ತರರು, "ತಾಯಿ ಓದದಿದ್ರೂ ಮಗಾ ಹುಷಾರ್ ಆದ ನೋಡ್ರಿ" ಎಂದರು. ವೈನಿ "ಹೌದ್ರಿ" ಎಂದಳು.

ಅವ್ವ ಸತ್ತಳು, ಸಂಗಣ್ಣ ಮಾವ ಸತ್ತ, ೨೦೧೯ರಲ್ಲಿ ಅಣ್ಣನೂ ಸತ್ತ. ಮಾವ ಹೋದ ಮೇಲೆ ಅವನ ಮಗ ಯಮನಪ್ಪ ಪಂಚಮಿಗೆ ಬೈಕಿನಲ್ಲಿ ಬಂದು ಕರೆದೊಯ್ಯುತ್ತಿದ್ದ. ಕುನಾಲ ಬ್ಯಾಂಕಿಗೆ ಸೇರಿ ವಿಜಯಪುರದ ಜಲನಗರದಲ್ಲಿ ಮನೆ ಮಾಡಿದ. ೨೦೨೩ರ ಕೊನೆಗೆ ತಾಯಿಯನ್ನು ತಿಕೋಟಾದಿಂದ ಅಲ್ಲಿಗೆ ಕರೆದುಕೊಂಡ. ಅಪ್ಪ ಸತ್ತ ಮೇಲೆ ತಾಯಿ ಅವನಿಗೆ ಎಲ್ಲವನ್ನೂ ಹೇಳಿದ್ದಳು. ಅವನು ಮೊಬೈಲಿನಲ್ಲಿ ಹುಡುಕಿ ಹುಡುಕಿ, ವವುನಿಯಾದಲ್ಲಿ ವೈನಿಯ ಚಿಕ್ಕಪ್ಪನ ಮಗನೊಬ್ಬನನ್ನು ಹಿಡಿದ. ವೈನಿಯ ತಾಯಿ ಬದುಕಿದ್ದಳು. ಎಂಬತ್ತೆರಡು ವರ್ಷ. ಕಣ್ಣು ಹೋಗಿತ್ತು.

ತೊರವಿಯ ಹಾಸ್ಟೆಲಿನಲ್ಲಿ ನಾನು ಅಡುಗೆ ಮಾಡುತ್ತೇನೆ. ತಾಯಿ ಮಗಳು ಮಾತಾಡಬೇಕಾದ ದಿನ ಮಧ್ಯಾಹ್ನದ ಕೆಲಸ ಮುಗಿಸಿ ಜಲನಗರಕ್ಕೆ ಹೋಗಿದ್ದೆ. ಕುನಾಲ ವಿಡಿಯೋ ಹಚ್ಚಿದ. ಮುದುಕಿಗೆ ಕಾಣುತ್ತಿರಲಿಲ್ಲವಾದ್ದರಿಂದ ಮೊಬೈಲನ್ನು ಕಿವಿಗೆ ಹಿಡಿದುಕೊಂಡಿದ್ದಳು. ಪರದೆಯ ತುಂಬ ಒಂದು ಕಿವಿ, ಬಿಳಿ ಕೂದಲು. ಮೂವತ್ತನಾಲ್ಕು ವರ್ಷದ ಮೇಲೆ ವೈನಿ ನೋಡಿದ್ದು ಅಷ್ಟು. ಮಾತು ಶುರು ಮಾಡಲು ಬಾಯಿ ತೆರೆದಳು, ಕನ್ನಡ ಬಂತು. ಮುದುಕಿಗೆ ತಿಳಿಯಲಿಲ್ಲ. ತಮಿಳು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮುದುಕಿ ಒಂದೇ ಮಾತನ್ನು ಮೂರು ಸಲ ಕೇಳಿದಳು. ಏನಂತೆ ಎಂದು ನಾನು ಕೇಳಿದೆ.

"ಯಾವಾಗ ಬರ್ತಿ ಅಂತ ಕೇಳಾಕತ್ತಾಳ" ಎಂದಳು ವೈನಿ.

ಕುನಾಲ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ. ಕಾಗದಗಳೆಲ್ಲ ಸರಿ ಇದ್ದವು. ಜೂನಿನಲ್ಲಿ ವಿಚಾರಣೆಗೆ ಹೆಡ್ ಕಾನ್‌ಸ್ಟೇಬಲ್ ಹುಸೇನಸಾಬ ಬಂದ. ಜಲನಗರದಲ್ಲಿ ಅಕ್ಕಪಕ್ಕದವರಿಗೆ ವೈನಿಯ ಪರಿಚಯ ಅಷ್ಟಕ್ಕಷ್ಟೇ. ಬಂದು ಒಂದು ವರ್ಷವೂ ಆಗಿರಲಿಲ್ಲ.

"ಇಲ್ಲಿ ನಿಮ್ಮನ್ನ ಯಾರೂ ಸರಿಯಾಗಿ ಬಲ್ಲವರಿಲ್ರಿ ಅಕ್ಕಾರ. ತವರಮನ್ಯಾಗ ಯಾರರ ಅದಾರೇನು?" ಎಂದು ಕೇಳಿದ.

"ತಮ್ಮ ಅದಾನ್ರಿ" ಎಂದಳು ವೈನಿ.

"ತಾಯಿ ಹೆಸರು ಚಂದ್ರಾಬಾಯಿ ಅಂತ ಬರದೈತಿ. ಅದಾರೋ, ತೀರ್ಯಾರೋ?"

"ಅದಾರ."

"ಮತ್ತಿನ್ನೇನ್ರಿ, ಹೆತ್ತಾಕಿ ಇರೂದ್ರಾಗ ತಮ್ಮನ ಹೇಳಿಕಿ ಯಾಕ ಬೇಕು? ಶುಕ್ರವಾರ ನಮಾಜ್ ಮುಗಿಸಿ ಬಬಲೇಶ್ವರಕ್ಕ ಬರ್ತೀನಿ. ಒಂದ ಹೆಬ್ಬಟ್ಟು ತಗೊಂಡ್ರ ನನ್ನ ಕೆಲಸ ಮುಗೀತು."

ಗುರುವಾರ ನಾನು ಹಾಸ್ಟೆಲಿಗೆ ರಜೆ ಹಾಕಿ ವೈನಿಯ ಜೊತೆ ಬಬಲೇಶ್ವರದ ಬಸ್ಸು ಹತ್ತಿದೆ. ಕಂಡಕ್ಟರ್ ಆಕೆಯ ಆಧಾರ್ ನೋಡಿ ಬಿಟ್ಟಿ ಟಿಕೇಟು ಹರಿದುಕೊಟ್ಟ. "ತವರಿಗೆ ಹೊಂಟೀರೇನ್ರಿ ಸಖೂಬಾಯಾರ? ಪಂಚಮಿಗೆ ಇನ್ನೂ ಭಾಳ ದಿನ ಐತಲ್ಲ" ಎಂದ. ಅವನಿಗೆ ನಾನು ಉತ್ತರ ಕೊಡಲು ಹೋಗಿದ್ದರೆ ಜಗಳವಾಗುತ್ತಿತ್ತು. ವೈನಿ ನನ್ನ ಮೊಣಕೈ ಒತ್ತಿದಳು.

ಅರ್ಧ ದಾರಿಯಲ್ಲಿ ಆ ಬೇವಿನ ಮರ ಇದ್ದ ಜಾಗ ಬರುತ್ತದೆ. ಮರ ಹೋಗಿ ಬಹಳ ವರ್ಷವಾಯಿತು. ಈಗ ಅಲ್ಲಿ ಪೆಟ್ರೋಲ್ ಬಂಕ್ ಇದೆ. ನಾನು ಅದರ ಬಗ್ಗೆ ವೈನಿಗೆ ಎಂದೂ ಹೇಳಿರಲಿಲ್ಲ.

"ಸಖೂ ಹ್ವಾದದ್ದು ಇಲ್ಲೇ ಅಲ್ಲೇನು?" ಎಂದು ಆಕೆ ಕೇಳಿದಳು.

"ನಿನಗ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ನಾವು ಬಸ್ಸಿನ್ಯಾಗ ಹೋಗುವಾಗೆಲ್ಲ ಅತ್ತಿ ಇಲ್ಲಿ ಬಂದ್ರ ಮಾರಿ ಆ ಕಡೆ ಮಾಡ್ತಾರ."

ಅತ್ತೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎಪ್ಪತ್ತಾರು ವರ್ಷವಾದರೂ ಕಣ್ಣು ಚುರುಕು. ಯಮನಪ್ಪ ಹೊಲಕ್ಕೆ ಹೋಗುವುದನ್ನು ಬಿಟ್ಟು ಬಾಗಿಲಲ್ಲಿ ನಿಂತಿದ್ದ. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

"ಅತ್ತಿ, ನಾಳೆ ಪೊಲೀಸ್ ಬರ್ತಾನ. ಈಕಿ ನನ್ನ ಮಗಳು ಅಂದು ಹೆಬ್ಬಟ್ಟು ಒತ್ತು. ಅಷ್ಟ ಸಾಕು."

"ಯಾಕ ಒತ್ತಲಿ?"

"ಪಾಸ್‌ಪೋರ್ಟ್ ಸಿಗಬೇಕಲ್ಲ ಬೇ. ಹೆತ್ತವ್ವ ಅಲ್ಲಿ ಸಾಯಾಕತ್ತಾಳ."

"ಹೆತ್ತವ್ವ ಅಲ್ಲಿ ಇದ್ರ ನಾ ಇಲ್ಲಿ ಯಾಕ ಹೆತ್ತೀನಂತ ಹೇಳಲಿ?"

"ಅವ್ವಾ, ಒಂದ ಮಾತಿನ ಕೆಲಸ" ಎಂದ ಯಮನಪ್ಪ.

"ನೀ ಬಾಯಿ ಮುಚ್ಚಲೇ. ನಿಮ್ಮಪ್ಪನೂ ಹಿಂಗ ಒಂದ ಮಾತು ಅಂತ ಅಂದಿದ್ದ. ಆ ಒಂದ ಮಾತು ಮೂವತ್ತಮೂರು ವರ್ಷ ಆತು."

ನನಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ಊರ ಮುಂದ ಅವ್ವ ಅನಿಸ್ಕೊಂಡಿ. ಬಾಣಂತನ ಮಾಡಿದಿ, ಉಡಿ ತುಂಬಿದಿ. ಈಗ ಒಂದ ಮಾತಂದ್ರ ನಿನ್ನ ನಾಲಿಗಿ ಸವೀತೈತೇನು?" ಎಂದೆ. ನನ್ನ ದನಿ ಓಣಿಗೆ ಕೇಳಿಸಿರಬೇಕು, ಯಮನಪ್ಪ ಬಾಗಿಲು ಮುಂದೆ ಮಾಡಿದ.

ಅತ್ತೆ ಮೊರವನ್ನು ಕೆಳಗಿಟ್ಟಳು. "ಅನಿಸ್ಕೊಂಡೆ. ನಾ ಎಂದರ ಅಂದೀನೇನು? ಅನ್ನು ಅಂತ ನನ್ನನ್ನ ಕೇಳಿದವರ್ಯಾರು? ನಿಮ್ಮವ್ವ ಕೇಳಿದ್ಳೇನು, ನಿಮ್ಮ ಮಾವ ಕೇಳಿದ್ನೇನು? ಅಣ್ಣಾ ತಂಗಿ ಕುಂತ್ರು, ಮಾತಾಡಿದ್ರು, ನನ್ನ ಮಗಳ ಹೆಸರು ತಗೊಂಡು ಹ್ವಾದ್ರು. ಒಂದ ಸೇರು ಜ್ವಾಳ ಕಡ ಒಯ್ದ್ರೂ ಕೇಳಿ ಒಯ್ತಾರ, ಸುಗ್ಗಿಗೆ ಅಳದು ತಿರುಗಿ ಕೊಡ್ತಾರ. ಹೆಸರು ಯಾರ್ ತಿರುಗಿ ಕೊಟ್ರು? ಈಕಿ ಹೋಗ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಹೆಸರು ಇಲ್ಲಿ ಇಟ್ಟು ಹೋಗ್ಲಿ. ಆ ಹೆಸರು ಹೊತ್ಕೊಂಡು ಸಮುದ್ರ ದಾಟಿ ಹೋಗಿ, ಅವ್ವನ ಮಗ್ಗಲದಾಗ ಕುಂತು ಬರಲಿಲ್ಲಂದ್ರ? ಒಮ್ಮೆ ಕಳಕೊಂಡೀನಿ. ಸಾಕು."

ವೈನಿ ಅಷ್ಟು ಹೊತ್ತು ಕಂಬದ ಹತ್ತಿರ ನಿಂತಿದ್ದಳು. ಮುಂದೆ ಬಂದು ಅತ್ತೆಯ ಎದುರು ಕೂತಳು.

"ಯಾರೂ ಕೇಳಿಲ್ಲ ಅಂದ್ರಿ. ನಾನೂ ಕೇಳಲಿಲ್ಲ, ಅದು ತಪ್ಪಾತು. ಈಗ ಕೇಳಾಕ ಬಂದೀನ್ರಿ ಅತ್ತಿ. ನಿಮ್ಮ ಮಗಳ ಹೆಸರು ಇನ್ನೊಮ್ಮೆ ಕೊಡ್ರಿ. ಹೋಗಿ ನೋಡಿ ಬರ್ತೀನಿ. ಒಲ್ಲೆ ಅಂದ್ರ ನಾಳೆ ಆ ಪೊಲೀಸಗ ನಾನ ಖರೆ ಹೇಳ್ತೀನಿ. ನೀವು ಸುಳ್ಳು ಹೇಳೂದು ಬ್ಯಾಡ."

"ತಲಿ ಕೆಟ್ಟೈತೇನ್ ವೈನಿ?" ಎಂದೆ ನಾನು. "ಖರೆ ಹೇಳಿದ್ರ ನಿನ್ನನ್ನ ಒಳಗ ಹಾಕ್ತಾರ. ಹುಡುಗನ ನೌಕರಿ ಏನಾಗ್ಬೇಕು?"

ಆಕೆ ನನ್ನ ಕಡೆ ನೋಡಲಿಲ್ಲ. ಅತ್ತೆ ಮೊರ ಎತ್ತಿಕೊಂಡು ಬೇಳೆ ಕೇರಿದಳು. ಆಮೇಲೆ ಯಮನಪ್ಪನ ಹೆಂಡತಿಗೆ, "ಈಕಿ ರೊಟ್ಟಿ ಒಲ್ಲಳು, ಅನ್ನಕ್ಕ ಇಡು" ಎಂದು ಹೇಳಿದಳು.

ಶುಕ್ರವಾರ ಮೂರು ಗಂಟೆಗೆ ಹುಸೇನಸಾಬ ಬೈಕಿನಲ್ಲಿ ಬಂದ. ಓಣಿಯಲ್ಲಿ ಇಬ್ಬರನ್ನು ಮೊದಲೇ ಕೇಳಿಕೊಂಡು ಬಂದಿದ್ದ. ಇಬ್ಬರೂ, ಸಂಗಣ್ಣನ ಮಗಳು, ಪ್ರತಿ ವರ್ಷ ಪಂಚಮಿಗೆ ಬರುತ್ತಾಳೆ, ಚೊಚ್ಚಲ ಬಾಣಂತನವೂ ಇಲ್ಲೇ ಆಯಿತು ಎಂದು ಹೇಳಿದ್ದರು. ಅವರಿಗೆ ಗೊತ್ತಿದ್ದ ಮಟ್ಟಿಗೆ ಅದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಚಹಾ ಕುಡಿದು ಅತ್ತೆಯ ಎದುರು ಕುರ್ಚಿ ಎಳೆದುಕೊಂಡ.

"ಏನ್ರಿ ಆಯಿ, ಮಗಳು ಪರದೇಶಕ್ಕ ಹೊಂಟಾಳ. ನಿಮಗ ತಿನ್ನಾಕ ಏನ್ ತರ್ತಾಳಂತ?"

"ಹಲ್ಲಿಲ್ಲಪ್ಪಾ ನನಗ. ಏನ್ ತಂದ್ರೇನು."

ಅವನು ನಕ್ಕು ಫೈಲು ಬಿಚ್ಚಿದ. "ಈ ಸಖೂಬಾಯಿ ನಿಮ್ಮ ಹೊಟ್ಯಾಗ ಹುಟ್ಟಿದಾಕಿ, ಹೌದಲ್ರಿ?"

ಹುಸೇನಸಾಬ ಪೆನ್ನು ಹಿಡಿದು ಕಾಯ್ದ. ಆಮೇಲೆ ತಲೆ ಎತ್ತಿ ನೋಡಿದ. ಕಂಬದ ಹತ್ತಿರ ನಿಂತಿದ್ದ ವೈನಿ, "ಸಾಹೇಬ್ರ..." ಎಂದು ಬಾಯಿ ತೆರೆದಳು.

"ನೀ ಸುಮ್ನಿರು" ಎಂದಳು ಅತ್ತೆ. ಆಮೇಲೆ ಹುಸೇನಸಾಬನ ಕಡೆ ತಿರುಗಿದಳು.

"ಸಖೂ ಹುಟ್ಟಿದ್ದು ಬಿಳಿಜ್ವಾಳದ ರಾಶಿ ದಿನಪ್ಪಾ. ಕಣದಾಗ ಬ್ಯಾನಿ ಬಂತು, ಗುಡಸಲಕ್ಕ ಹೋಗೂತನಾ ತಡೀಲಿಲ್ಲ. ನಾಕನೇತ್ತದ ಮಟಾ ಸಾಲಿಗೆ ಹ್ವಾದ್ಳು. ಹನ್ನೊಂದು ವರ್ಷದಾಕಿದ್ದಾಗ ಪಂಚಮಿ ಮೂರನೇ ದಿನಕ್ಕ ಜ್ವರ ಬಂತು. ಕಣ್ಣು ಮ್ಯಾಲ ಮಾಡಿದ್ಳು. ಗಾಡಿ ಕಟ್ಟಿ ಬಿಜಾಪುರಕ್ಕ ಒಯ್ದ್ವಿ. ನನ್ನ ತೊಡಿ ಮ್ಯಾಲ ಮಲಗಿದ್ಳು. ಹಾದ್ಯಾಗ, ಅವ್ವಾ ನೀರು, ಅಂದ್ಳು. ನೀರು ಒಯ್ಯೂದು ಮರತಿದ್ದೆ ನಾ. ಗಡಬಡಿಯೊಳಗ ಮರತಿದ್ದೆ. ಈ ನೀಲಾ ಹಿಂದ ಕುಂತಿದ್ಳು, ಸಣ್ಣಾಕಿ. ಬಾವಿಗೆ ಕಳಿಸಿದ್ವಿ."

ಅತ್ತೆ ನಿಲ್ಲಿಸಿದಳು. ನಾನು ನೆಲ ನೋಡಿದೆ. ಈ ವಿಷಯವನ್ನು ಅತ್ತೆ ನಲವತ್ತೈದು ವರ್ಷದಲ್ಲಿ ಯಾರ ಮುಂದೆಯೂ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಮುಂದ?" ಎಂದ ಹುಸೇನಸಾಬ.

"ಮುಂದ ನೀಲಾ ನೀರು ತಂದ್ಳು. ಬಾಯಾಗ ಹಾಕಿದೆ." ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕುಡದ್ಳು. ಎರಡ ಗುಟುಕು ಕುಡದು ಕಣ್ಣು ತಗದ್ಳು. ಅಲ್ಲಿಂದ ಗಾಡಿ ಹೊಳ್ಳಿಸಿಕೊಂಡು ಮನಿಗೆ ಬಂದ್ವಿ. ಆಕೀನ ಈಕಿ. ಎಲ್ಲಿ ಒತ್ತಬೇಕು?"

ಹುಸೇನಸಾಬ ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಅವನು ಏನು ತಿಳಿದುಕೊಂಡನೋ ನನಗೆ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ನೌಕರಿ ಮಾಡಿದ ಪೊಲೀಸ್. ಕಾಗದದ ಮೇಲೆ ಒಂದೇ ಸಾಲು ಬರೆದು, ಶಾಯಿಯ ಡಬ್ಬಿ ತೆಗೆದ. ಅತ್ತೆ ಹೆಬ್ಬಟ್ಟು ಒತ್ತಿದಳು.

ಬೈಕಿನ ಸದ್ದು ಓಣಿಯ ತಿರುವು ದಾಟಿ ಹೋಯಿತು. ವೈನಿ ನೀರು ತಂದು ಅತ್ತೆಯ ಕೈಯ ಶಾಯಿ ತೊಳೆಯತೊಡಗಿದಳು.

"ಎಷ್ಟ ದಿನಕ್ಕ ಬರ್ತಿ?" ಎಂದಳು ಅತ್ತೆ.

"ಪಂಚಮಿಗೆ ಬರ್ತೀನ್ರಿ ಅವ್ವಾ."

"ಹೊರಗಿನ ಮಂದಿ ಹ್ವಾದ್ರು. ಅತ್ತಿ ಅನ್ನು."

ಪಾಸ್‌ಪೋರ್ಟು ಜುಲೈ ಎರಡನೆಯ ವಾರದಲ್ಲಿ ಬಂತು. ಹುಟ್ಟಿದ ಊರು ಬಬಲೇಶ್ವರ, ತಾಯಿ ಚಂದ್ರಾಬಾಯಿ ಎಂದು ಇಂಗ್ಲಿಷಿನಲ್ಲಿ ಇತ್ತು. ವೈನಿ ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು, ಕೊನೆಯ ಪುಟದ ಸಣ್ಣ ಅಕ್ಷರಗಳನ್ನೂ. ಕುನಾಲ ಜೊತೆಗೆ ಹೋಗಿ ಬಿಟ್ಟುಬಂದ. ಅವನಿಗೆ ಐದು ದಿನಕ್ಕಿಂತ ಹೆಚ್ಚು ರಜೆ ಸಿಗಲಿಲ್ಲ. ಪ್ರವಾಸಿ ಎಂದು ಆಕೆಗೆ ಅಲ್ಲಿ ಮೂವತ್ತು ದಿನ ಕೊಟ್ಟರು.

ಪಂಚಮಿ ಬಂತು, ಆಕೆ ಬರಲಿಲ್ಲ. ಯಮನಪ್ಪ ಫೋನು ಮಾಡಿ, "ಅಕ್ಕಾ, ಅವ್ವ ದಿನಾ ಮುಂಜಾನೆ ಎದ್ದು ಸಿಲೋನದಾಕಿ ಬಂದ್ಳೇನು ಅಂತ ಕೇಳ್ತಾಳ. ಬಂದಿಲ್ಲ ಅಂದ್ರ ನನ್ನನ್ನ ಬೈತಾಳ. ನಾ ಏನ್ ವಿಮಾನ ಓಡಿಸ್ತೀನೇನು?" ಎಂದ. ನಾನು ಜಲನಗರಕ್ಕೆ ಹೋಗಿ ಕುನಾಲನನ್ನು ಕೇಳಿದೆ. ಮುದುಕಿಗೆ ಹೆಚ್ಚಾಗಿದೆ ಎಂದು ಪಂಚಮಿಗೆ ಮೊದಲು ಹೇಳಿದ್ದಳು, ಆಮೇಲೆ ಅಮ್ಮ ಫೋನಿನಲ್ಲಿ ಹೆಚ್ಚು ಮಾತಾಡಿಲ್ಲ ಎಂದ. ಬರುತ್ತಾಳೋ ಇಲ್ಲವೋ ಎಂದು ನಾನು ಅವನನ್ನು ಕೇಳಲಿಲ್ಲ. ಅವನ ಮುಖದಲ್ಲೂ ಅದೇ ಪ್ರಶ್ನೆ ಇತ್ತು.

ಇಪ್ಪತ್ತೊಂಬತ್ತನೆಯ ದಿನ ಆಕೆ ಬಂದಳು. ಮರುದಿನ ಬೆಳಿಗ್ಗೆ ನಾವಿಬ್ಬರೂ ಬಬಲೇಶ್ವರಕ್ಕೆ ಹೋದೆವು. ದಾರಿಯಲ್ಲಿ ಪೆಟ್ರೋಲ್ ಬಂಕ್ ಬಂದಾಗ ಇಬ್ಬರೂ ಅದರ ಕಡೆ ನೋಡಿದೆವು.

ಅತ್ತೆ ಪಡಸಾಲೆಯಲ್ಲೇ ಇದ್ದಳು. ಆಕೆಯನ್ನು ನೋಡಿ ಏಳಲಿಲ್ಲ.

"ಪಂಚಮಿ ಹೋತು" ಎಂದಳು.

"ಹೌದ್ರಿ ಅತ್ತಿ. ಅವ್ವ ಹ್ವಾದ್ಳು. ಪಂಚಮಿ ಹಿಂದಿನ ದಿನ."

"ಬಾಯಾಗ ನೀರು ಯಾರ್ ಹಾಕಿದ್ರು?"

"ನಾನ ಹಾಕಿದೆ."

"ಕುಡದ್ಳೇನು?"

"ಕುಡದ್ಳ್ರಿ."

ಅತ್ತೆ ತಲೆ ಆಡಿಸಿದಳು. ಗೋಡೆಗೆ ಕೈಕೊಟ್ಟು ಎದ್ದು, ಒಳಗೆ ಹೋಗಿ, ಉಂಡಿಯ ಡಬ್ಬಿ ತಂದು ಆಕೆಯ ಮುಂದೆ ಇಟ್ಟಳು. ಹದಿಮೂರು ದಿನದ ಉಂಡಿ. ಶೇಂಗಾದವು ಮಾತ್ರ ಮೆತ್ತಗಿದ್ದವು, ಉಳಿದವು ಕಲ್ಲಾಗಿದ್ದವು. ವೈನಿ ಒಂದನ್ನು ತೆಗೆದುಕೊಂಡು, ಒರಳಿನ ಗುಂಡಿನಿಂದ ಒಡೆದು, ತಿಂದಳು.